ದೇವರ ಟಗರು, ಅಣ್ಣನ ಎರಡು ಗುಳಿಗೆ

ಮೊನ್ನೆ ಬೀಳಗಿ ಕಡೆ ಒಂದು ಮದುವೆ ಮುಗಿಸಿಕೊಂಡು ಬನಹಟ್ಟಿಗೆ ಹೊರಳಿ ಬರುವಾಗ ಗಲಗಲಿಯ ಹೊಳೆ ದಾಟುವಲ್ಲಿ ಮೋಟಾರ್‌ಸೈಕಲ್ ನಿಲ್ಲಿಸಬೇಕಾಯಿತು. ಕೆಳಗೆ ದಂಡೆಯಲ್ಲಿ ಯಾರೋ ಕುರಿ ತೊಳೆಯುತ್ತಿದ್ದರು. ತೊಳೆದ ಕುರಿಗಳು ರಸ್ತೆ ಏರಿ ಬಂದು, ಮೈ ಜಾಡಿಸುತ್ತ, ನಡುರಸ್ತೆಯಲ್ಲೇ ಬಿಸಿಲು ಕಾಯಿಸುತ್ತ ನಿಂತಿದ್ದವು. ಹಿಂದೆ ಕಬ್ಬಿನ ಟ್ರ್ಯಾಕ್ಟರಿನವ ಹಾರ್ನ್ ಒತ್ತಿ ಒತ್ತಿ ಸಾಕಾಗಿ ಬೀಡಿ ಹಚ್ಚಿದ. ಹಸಿ ಉಣ್ಣೆಯ ವಾಸನೆ ಬಂತು. ಗೊತ್ತಿಲ್ಲದವರು ಅದಕ್ಕೆ ನಾತ ಅನ್ನುತ್ತಾರೆ. ನಾನು ಹೆಲ್ಮೆಟ್ ತೆಗೆದು ಎದೆ ತುಂಬ ಎಳೆದುಕೊಂಡೆ. ಅಣ್ಣ ಮಾಳಪ್ಪನ ಎದೆಯೊಳಗೆ ಡಾಕ್ಟರು ತಂತಿಯ ಸ್ಪ್ರಿಂಗ್ ಕೂರಿಸಿದ ವರ್ಷ ಪೂರ್ತಿಯಾಗಿ ಕಣ್ಣ ಮುಂದೆ ಬಂದು ನಿಂತಿತು.

ನಮ್ಮದು ಗಲಗಲಿ. ಬೀರೇಶ್ವರನ ಒಕ್ಕಲು, ಕುರಿ ಕಾಯುವ ಮನೆತನ. ಅಪ್ಪನಿಗೆ ನಾವಿಬ್ಬರೇ ಗಂಡುಮಕ್ಕಳು. ಹಿಂಡು ಅಣ್ಣನ ಪಾಲಿಗೆ ಹೋಯಿತು. ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟು ಬನಹಟ್ಟಿಗೆ ಬಂದೆ. ಮೊದಲು ಮಂದಿಯ ಮಗ್ಗಕ್ಕೆ ನೂಲು ಸುತ್ತಿಕೊಟ್ಟೆ, ಆಮೇಲೆ ಮಂದಿಯ ಮಗ್ಗ ಓಡಿಸಿದೆ, ಆಮೇಲೆ ನನ್ನವೇ ಮಗ್ಗ ಹಾಕಿದೆ. ನನ್ನ ಶೆಡ್ಡಿನಲ್ಲಿ ನೇಯ್ದ ಸೀರೆಯಲ್ಲಿ ಒಂದು ಎಳೆ ತಪ್ಪಿದ್ದು ತೋರಿಸಿದವರು ಇಲ್ಲಿವರೆಗೆ ಯಾರೂ ಇಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಜಂಬ ಅಂದರೂ ಅಡ್ಡಿಯಿಲ್ಲ.

ಅಣ್ಣನಿಗೆ ಮಾತ್ರ ನನ್ನ ಕಸುಬು ಕಸುಬೇ ಅಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಸಾಕು, ಕಟ್ಟೆ ಮೇಲೆ ಕುಳಿತವರಿಗೆಲ್ಲ ಕೇಳುವಂತೆ ಅನ್ನುವನು: "ಬಂದ ನೋಡ್ರಿ ನಮ್ಮ ನೂಲಿನ ಸಾವಕಾರ. ಕರೆಂಟ್ ಹೋತಂದ್ರ ಇವನ ಕೈಕಾಲು ಬೀಳತಾವ."

"ನಿನ್ನ ಕುರಿ ಮಳಿ ಬಂದ್ರ ಕೆಮ್ಮತಾವ. ನನ್ನ ಮಗ್ಗ ಎಂದಾರ ಕೆಮ್ಮಿದ್ದು ಕೇಳೀಯೇನು?" ಅಂತ ನಾನು ಅನ್ನುವೆ.

"ಕೆಮ್ಮೂದಿಲ್ಲ, ಖರೆ. ಮರಿನೂ ಹಾಕೂದಿಲ್ಲಲೇ."

ಕಟ್ಟೆಯ ಮಂದಿ ನಗುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆ.

ಆ ವರ್ಷ ಬೇಸಿಗೆಯ ಕಡೆಗಾಲ. ಅಣ್ಣ ಹಿಂಡು ಹೊಡೆದುಕೊಂಡು ಸಾವಳಗಿ ಕಡೆ ಹೋಗಿದ್ದ. ಒಬ್ಬ ರೈತನ ಹೊಲದಲ್ಲಿ ಗೊಬ್ಬರಕ್ಕಂತ ಕುರಿ ನಿಲ್ಲಿಸಿದ್ದ. ಮುಂಜಾನೆ ಎದೆ ಒತ್ತಿ ಬಂತು, ಎಡಗೈ ಜೋಮು ಹಿಡಿಯಿತು. ಇವನು ಗ್ಯಾಸ್ ಅಂತ ಸೋಡಾ ತರಿಸಿ ಕುಡಿದ, ತೇಗಿದ, ಛಲೋ ಆತು ಅಂದ, ಎರಡು ಹೆಜ್ಜೆ ಇಟ್ಟು ಜಾಲಿ ಗಿಡದ ಬುಡಕ್ಕೆ ಕುಸಿದ. ಆ ಹೊಲದ ರೈತ ಪುಣ್ಯಾತ್ಮ. ಹೊತ್ತು ಹಾಕದೆ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಜಮಖಂಡಿಗೆ ಮುಟ್ಟಿಸಿದ. ಫೋನ್ ಬಂದು ನಾನೂ ಅಲ್ಲಿಗೆ ಓಡಿದೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡ ದವಾಖಾನೆಗೆ ಹೋದೆವು. ಹೃದಯಕ್ಕೆ ಹೋಗುವ ನಾಳದಲ್ಲಿ ರಕ್ತ ಗಡ್ಡೆಗಟ್ಟಿ ದಾರಿ ಮುಚ್ಚಿತ್ತು. ಕೈಯ ನಾಳದಿಂದ ಸಣ್ಣ ಕೊಳವೆ ತೂರಿಸಿ, ಮುಚ್ಚಿದ ದಾರಿ ತೆರೆದು, ಮತ್ತೆ ಮುಚ್ಚದಂತೆ ಒಳಗೆ ತಂತಿಯ ಜಾಳಿಗೆ ಕೂರಿಸಿದರು. ಸ್ಟೆಂಟ್ ಅಂದರು ಅವರು, ಸ್ಪ್ರಿಂಗ್ ಅಂದೆವು ನಾವು.

ಮನೆಗೆ ಕಳಿಸುವ ದಿನ ಡಾಕ್ಟರು ಎರಡು ಗುಳಿಗೆ ತೋರಿಸಿ ಹೇಳಿದರು: "ಮಾಳಪ್ಪ, ಇವೆರಡು ಒಂದು ವರ್ಷ. ನನ್ನ ಕೇಳದೆ ಒಂದು ದಿನವೂ ಬಿಡುವಂಗಿಲ್ಲ."

"ಅಲ್ಲೀತನಕಾ ಕುರಿ ಯಾರ ನೋಡಬೇಕ್ರಿ?" ಅಂದ ಅಣ್ಣ.

"ಕುರಿ ಯಾರಾದರೂ ನೋಡ್ತಾರೆ. ಗುಳಿಗೆ ಮಾತ್ರ ನೀವೇ ನುಂಗಬೇಕು."

ಕುರಿಯನ್ನು ಅತ್ತಿಗೆಯ, ನಮ್ಮ ಮಾತಿನಲ್ಲಿ ವೈನಿಯ, ತಮ್ಮ ನೋಡಿಕೊಂಡ. ಅಣ್ಣ ಊರ ಹಟ್ಟಿಯಲ್ಲಿ ಬಾಣಂತಿಯ ಹಾಗೆ ಕುಳಿತ.

ಅಣ್ಣನ ಮಗಳು ಸಾವಿತ್ರಿ ಆಗ ನಮ್ಮ ಮನೆಯಲ್ಲೇ ಇದ್ದಳು. ಜಮಖಂಡಿಯಲ್ಲಿ ಫಾರ್ಮಸಿ ಓದುವುದು, ಮುಂಜಾನೆ ಬಸ್ಸಿಗೆ ಹೋಗಿ ಮಧ್ಯಾಹ್ನ ಬರುವುದು. ಬಂದವಳು ಊಟ ಮಾಡಿ ಶೆಡ್ಡಿನ ಬಾಗಿಲಲ್ಲೇ ಪುಸ್ತಕ ಹಿಡಿದು ಕೂರುತ್ತಿದ್ದಳು. ಮಗ್ಗದ ಖಟಾಖಟಿಯಲ್ಲೇ ಅವಳಿಗೆ ಓದು ತಲೆಗೆ ಹೋಗುತ್ತಿತ್ತಂತೆ. ಆ ಮಳೆಗಾಲ ಕರೆಂಟ್ ಬಹಳ ಕಾಡಿತು. ಮಗ್ಗ ನಿಂತಾಗ ನಾನು ಅವಳ ಹತ್ತಿರ ಹೋಗಿ ಕೂತು, "ನಿಮ್ಮಪ್ಪನ ಎದಿಯಾಗ ಏನ ನಡದೈತಿ, ಬಿಡಿಸಿ ಹೇಳವಾ" ಅನ್ನುತ್ತಿದ್ದೆ. ಹೊರಗೆ ಮಳೆ, ಒಳಗೆ ಚಹಾ, ನಡುವೆ ಅಣ್ಣನ ರಕ್ತದ ಕಥೆ. ಸಾಲಿ ಬಿಟ್ಟ ಮೇಲೆ ನಾನು ಒಬ್ಬರ ಮುಂದೆ ಕೂತು ಪಾಠ ಕೇಳಿದ್ದು ಅದೇ ಮೊದಲು.

"ಡೆಂಗ್ಯೂ ಬಂದಾಗ ಪ್ಲೇಟ್‌ಲೆಟ್ ಇಳದಾವ ಅಂತಾರಲ್ಲ ಕಾಕಾ, ಅವೇ ಇವು" ಅಂದಳು. "ರಕ್ತದಾಗ ತೇಲಿಕೊಂತ ಇರ್ತಾವ, ಸಣ್ಣ ಸಣ್ಣ ಚೂರು. ಎಲ್ಲ್ಯಾರ ನಾಳ ಹರೀತಂದ್ರ ಅಲ್ಲಿ ಬಂದು ಅಂಟತಾವ, ಒಂದಕ್ಕೊಂದು ಕೈ ಹಿಡದು ತೂತು ಮುಚ್ಚತಾವ."

"ನಾಳ ಹರದದ್ದು ಅವಕ್ಕ ಹೆಂಗ ತಿಳೀತೈತಿ?"

"ಗೋಡಿ ಹರದಾಗ ಒಳಗಿನ ಎಳಿ ಹೊರಗ ಕಾಣತಾವ. ಅದನ್ನ ಮುಟ್ಟಿದ ಪ್ಲೇಟ್‌ಲೆಟ್ ಎಚ್ಚರಾಗತೈತಿ. ಆ ಸುದ್ದಿ ಅದರ ಹೊಟ್ಟಿಯೊಳಗ ಹೋಗಬೇಕಲ್ಲ, ಅದಕ್ಕ ಎಂಜೈಮ್ ಬೇಕು."

"ಎಂಜೈಮ್ ಅಂದ್ರ?"

"ತಾ ಸವೆಯೂದಿಲ್ಲ, ಬ್ಯಾರೇದಕ್ಕ ಕೆಲಸ ಹಚ್ಚತೈತಿ."

"ನಿಮ್ಮ ಕಾಕಾ ಇದ್ದಂಗ" ಅಂದಳು ಚಹಾ ತಂದ ನನ್ನ ಹೆಂಡತಿ. ನಾನು ಕೇಳಿಸದವನ ಹಾಗೆ ಕಪ್ಪು ತಗೊಂಡೆ.

ಸಾವಿತ್ರಿ ನಗು ತಡೆದು ಮುಂದುವರಿಸಿದಳು. ಒಳಗೆ ಎಂಜೈಮುಗಳ ಒಂದು ಸಾಲೇ ಇದೆಯಂತೆ. ಮೊದಲನೆಯದು ಎದ್ದು ಮುಂದಿನದಕ್ಕೆ ಒಂದು ಫಾಸ್ಫೇಟಿನ ಚೂರು ಅಂಟಿಸುತ್ತದೆ, ಅದು ಎದ್ದು ಅದರ ಮುಂದಿನದಕ್ಕೆ. "ಗುಡಿಯಾಗ ಒಬ್ಬರ ಹಣಿಗೆ ಒಬ್ಬರು ಅರಿಷಿಣದ ಭಂಡಾರ ಹಚ್ಚಿಕೊಂತ ಹೋಗತೀವಲ್ಲ, ಹಂಗ." ಕಡೆಯವನಿಗೆ ಭಂಡಾರ ಮುಟ್ಟಿದಾಗ ಇಡೀ ಪ್ಲೇಟ್‌ಲೆಟ್ಟಿನ ಆಕಾರವೇ ಬದಲಾಗುತ್ತದೆ. ಬಿಲ್ಲೆಯಂತೆ ಇದ್ದದ್ದು ಮುಳ್ಳು ಮುಳ್ಳಾಗಿ ಕೈಚಾಚುತ್ತದೆ.

ಇದು ನನಗೆ ತಕ್ಷಣ ಹಿಡಿಯಿತು. ಮೋಟರು ಬೆಲ್ಟಿಗೆ ಹೇಳುತ್ತದೆ, ಬೆಲ್ಟು ಗಾಲಿಗೆ, ಗಾಲಿ ನೂಲು ಒಯ್ಯುವ ಲಾಳಿಗೆ. ನಾನು ಒತ್ತುವುದು ಒಂದು ಬಟನ್. ಆ ತುದಿಯಲ್ಲಿ ಲಾಳಿ ಹಾರುತ್ತದೆ.

"ಬ್ರೇಕ್ ಎಲ್ಲೈತಿ?" ಅಂತ ಕೇಳಿದೆ. ಬ್ರೇಕ್ ಇಲ್ಲದ ಮಷಿನ್ ಯಾವನೂ ಮಾಡುವುದಿಲ್ಲ. ನಮ್ಮ ಮಗ್ಗದಲ್ಲೂ ಹೊಕ್ಕಿನ ಅಡ್ಡ ಎಳೆ ಹರಿದರೆ ಒಂದು ಸಣ್ಣ ಕಬ್ಬಿಣದ ಕೊಕ್ಕೆ ಬಿದ್ದು ಮಗ್ಗ ತಾನೇ ನಿಲ್ಲುತ್ತದೆ.

ಹುಡುಗಿ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದಳು. "ಐತಿ ಕಾಕಾ. ನಾಳದ ಗೋಡಿನೇ ಬ್ರೇಕ್. ಅದು ಹಗಲೂ ರಾತ್ರಿ ಸುಮ್ಮನಿರ್ರಿ, ಸುಮ್ಮನಿರ್ರಿ ಅಂತ ಹೇಳಿ ಕಳಸ್ತಿರ್ತೈತಿ. ಆ ಮಾತ ಕೇಳಿಸಿಕೊಂಡು ಪ್ಲೇಟ್‌ಲೆಟ್ಟಿನ ಒಳಗ ಬ್ಯಾರೆ ಎಂಜೈಮ್ ಎದ್ದು ಅದನ್ನ ತಣ್ಣಗ ಇಡತಾವ. ಎಬ್ಬಸವು ಒಂದ್ ಕಡಿ, ಮಲಗಸವು ಒಂದ್ ಕಡಿ. ಎರಡೂ ಸರಿ ಇದ್ರ ಮನಷ್ಯಾ ಸರಿ."

"ನಿಮ್ಮಪ್ಪನ ಗುಳಿಗಿ?"

"ಪ್ಲೇಟ್‌ಲೆಟ್ ತಾ ಎದ್ದಮ್ಯಾಲ ಉಳಿದವನ್ನ ಕೂಗಿ ಕರೀತೈತಿ. ಒಂದು ಕೂಗು ತಯಾರ ಮಾಡೂ ಎಂಜೈಮಿನ ಬಾಯಿ ಮುಚ್ಚತೈತಿ ಮೊದಲನೇ ಗುಳಿಗಿ. ಇನ್ನೊಂದು ಕೂಗು ಕೇಳಿಸಿಕೊಳ್ಳೂ ಕಿವಿಯಾಗ ಹತ್ತಿ ತುರಕತೈತಿ ಎರಡನೇದು."

ಕರೆಂಟ್ ಬಂತು. ನಾನು ಎದ್ದು ಮಗ್ಗ ಹಚ್ಚಿದೆ. ಆದರೆ ಅವತ್ತು ಲಾಳಿ ಓಡಾಡುವುದನ್ನು ನೋಡುತ್ತ, ಅಣ್ಣನ ಮೈಯೊಳಗೆ ಎಷ್ಟು ಮಗ್ಗ ಓಡುತ್ತಿರಬಹುದು ಅಂತಲೇ ಯೋಚನೆ.

ಮಳೆ ತಗ್ಗುವ ಹೊತ್ತಿಗೆ ಊರಿನಿಂದ ಒಂದು ಸುದ್ದಿ ಬಂತು. ಅಣ್ಣ ಅಂಗಳದಲ್ಲಿ ಕುರಿಯ ಗೊರಸು ಕೆತ್ತುವಾಗ ಚಾಕು ಜಾರಿ ಹೆಬ್ಬೆರಳಿಗೆ ಬಡಿಯಿತು. ನಮ್ಮಲ್ಲಿ ಗಾಯ ಅಂದರೆ ಭಂಡಾರ. ದೇವರ ಹೆಸರು ಹೇಳಿ ಅರಿಷಿಣದ ಪುಡಿ ಒತ್ತಿದರೆ ಆತು. ಅಣ್ಣ ಒತ್ತಿದ. ರಕ್ತ ಭಂಡಾರವನ್ನೂ ತೊಯಿಸಿಕೊಂಡು ಹೊರಗೆ ಬಂತು. ಮತ್ತೆ ಒತ್ತಿದ, ಮತ್ತೆ ಬಂತು. ಕಡೆಗೆ ವೈನಿ ಅರಿವೆ ಸುತ್ತಿ, ಬೆರಳು ಬಿಡದೆ ಅದುಮಿ ಹಿಡಿದು ಕುಳಿತಳು, ಆಗ ನಿಂತಿತು. ಹೆದರುವಂಥದ್ದೇನೂ ಆಗಿರಲಿಲ್ಲ. ಆ ಗುಳಿಗೆ ತಿನ್ನುವವರಿಗೆ ಗಾಯದ ರಕ್ತ ನಿಲ್ಲಲು ಹೊತ್ತು ಹಿಡಿಯುತ್ತದೆ, ಒತ್ತಿ ಹಿಡಿಯಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅಣ್ಣನಿಗೆ ಆದದ್ದು ಹೆದರಿಕೆ ಅಲ್ಲ, ನಾಚಿಕೆ. "ನನ್ನ ರಕ್ತ ನೀರಾತು" ಅಂತ ಎರಡು ದಿನ ಕಟ್ಟೆಗೇ ಹೋಗಲಿಲ್ಲವಂತೆ.

ನಾಚಿಕೆಗೆ ಕಾರಣ ಇತ್ತು. ನಮ್ಮ ಮನೆತನದಲ್ಲಿ ಒಂದು ಬಿಳಿ ಟಗರನ್ನು ದೇವರ ಹೆಸರಿಗೆ ಬಿಟ್ಟಿರುತ್ತೇವೆ. ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಅದನ್ನು ತೊಳೆದು, ಎಲ್ಲಕ್ಕಿಂತ ಮೊದಲು ಅದರ ಉಣ್ಣೆ ಕತ್ತರಿಸಬೇಕು. ಆ ಉಣ್ಣೆಯಿಂದ ಬೀರೇಶ್ವರನ ಗದ್ದುಗೆಗೆ ಕಂಬಳಿ ಆಗುತ್ತದೆ. ಕತ್ತರಿ ಹಿಡಿಯುವವನು ಮನೆಯ ಹಿರಿಯ. ಕಟ್ಟು ಒಂದೇ: ಉಣ್ಣೆಯ ಮೇಲೆ ಒಂದು ಹನಿ ರಕ್ತ ಬೀಳಬಾರದು. ಟಗರಿನದೂ ಬೀಳಬಾರದು, ಕತ್ತರಿಸುವವನದೂ ಬೀಳಬಾರದು. ಬಿದ್ದರೆ ಆ ವರ್ಷ ನಮ್ಮ ಮನೆಯ ಉಣ್ಣೆ ಗುಡಿಗೆ ಹೋಗುವುದಿಲ್ಲ. ಅಪ್ಪ ಎಂದೂ ಬೀಳಿಸಲಿಲ್ಲ. ಅಣ್ಣನೂ ಬೀಳಿಸಲಿಲ್ಲ. ಕತ್ತರಿ ಬೆರಳಿಗೆ ತಾಗುವುದು ಅವನಿಗೂ ಹೊಸದಲ್ಲ. ಆದರೆ ಮೊದಲೆಲ್ಲ ಬೆರಳು ಬಾಯಿಗೆ ಹಾಕಿ ತೆಗೆಯುವಷ್ಟರಲ್ಲಿ ರಕ್ತ ನಿಂತಿರುತ್ತಿತ್ತು.

ದಸರೆಯ ಬನ್ನಿ ಹಬ್ಬಕ್ಕೆ ನಾವೆಲ್ಲ ಗಲಗಲಿಗೆ ಹೋದೆವು. ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಅಂತ ಕಾಲಿಗೆ ಬಿದ್ದೆ. ಅಣ್ಣ ಎಬ್ಬಿಸಿದ. ಎಬ್ಬಿಸಿದವನೇ, ಹೋಳಿಗೆಗೆ ತುಪ್ಪ ಹಾಕು ಅನ್ನುವಷ್ಟೇ ಸಲೀಸಾಗಿ ವೈನಿಗೆ ಹೇಳಿದ: "ಇವತ್ತಿಂದ ಗುಳಿಗಿ ಬಂದ್. ಉಣ್ಣಿ ಕತ್ತರಿಸಿದ ಮ್ಯಾಲ ಚಾಲೂ ಮಾಡೂಣು."

ವೈನಿ ಹಿಟ್ಟಿನ ಕೈಯಲ್ಲೇ ನಿಂತಳು. ಸಾವಿತ್ರಿ ತಟ್ಟೆ ಕೆಳಗಿಟ್ಟಳು.

"ಯಾಕಪ್ಪಾ?"

"ಕುರಿಗೆ ಔಷಧ ಎಲ್ಲೀತನಕಾ ಹಾಕತೀವಿ? ಮೇಯಾಕ ಹತ್ತೂತನಕಾ. ನಾ ಮೇಯಾಕ ಹತ್ತಿ ಭಾಳ ದಿನ ಆತು."

"ನೀ ಕುರಿ ಅಲ್ಲ. ಇವತ್ತ ಬಿಟ್ರ ನಾಳಿಗೇನ ರಕ್ತ ಮೊದಲಿನಂಗ ಆಗೂದಿಲ್ಲ ಅಪ್ಪಾ. ಗುಳಿಗಿ ತಾಗಿದ ಪ್ಲೇಟ್‌ಲೆಟ್ ಸಾಯೂತನಕಾ ಹಂಗ ಇರ್ತಾವ. ಹೊಸವು ಹುಟ್ಟಿ ತುಂಬಾಕ ಎಂಟ್ಹತ್ತ ದಿನ ಬೇಕು."

"ಅದಕ್ಕ ಇವತ್ತ ಬಿಡಾಕತ್ತೇನಿ" ಅಂದ ಅಣ್ಣ. "ಉಣ್ಣಿಗೆ ಇನ್ನೂ ಎಂಟ್ಹತ್ತ ದಿನ ಐತಿ. ಛಲೋ ಲೆಕ್ಕ ಹೇಳಿದಿ ನೋಡ ಮಗಳ. ಓದಿದ್ದಕ್ಕ ಸಾರ್ಥಕ ಆತು."

ಸಾವಿತ್ರಿಯ ಮುಖ ಬಿಳಿಚಿತು. ತಾನು ಕಲಿತದ್ದನ್ನೇ ಅಪ್ಪ ಕತ್ತರಿ ಮಾಡಿ ತನ್ನ ಮಾತನ್ನೇ ಕತ್ತರಿಸಿದ ಹಾಗಾಯಿತು ಅವಳಿಗೆ. ಅವಳು ಡಾಕ್ಟರಿಗೆ ಫೋನ್ ಹಚ್ಚಿ ಅಪ್ಪನ ಕಿವಿಗೆ ಹಿಡಿದಳು. ಡಾಕ್ಟರು ಬಿಡಲೇಬ್ಯಾಡ್ರಿ, ಸ್ಟೆಂಟಿನೊಳಗೆ ಮತ್ತೆ ಗಡ್ಡೆ ಕಟ್ಟಿದರೆ ಜೀವಕ್ಕೆ ಬರುತ್ತದೆ ಅಂದರು. ಅಣ್ಣ "ಹೂನ್ರಿ, ಹೂನ್ರಿ" ಅಂದು ಫೋನ್ ಕೊಟ್ಟು, "ಅವರಿಗೇನ ಗೊತ್ತ ದೇವರ ಟಗರು" ಅಂದ. ನಾನು ಬೈದೆ. ಹೆಂಡತಿ ಕೈಮುಗಿದಳು. ಅಣ್ಣ ಹೋಳಿಗೆ ಮುರಿದು ತಿಂದ. ಎಲೆಯ ಪಕ್ಕದಲ್ಲಿ ಆ ಎರಡು ಗುಳಿಗೆ ಹಾಗೇ ಬಿದ್ದಿದ್ದವು.

ಊಟ ಆದಮೇಲೆ ಅಂಗಳದಲ್ಲಿ ಗದ್ದಲ ಎದ್ದಿತು. ವೈನಿಯ ತಮ್ಮ ಮುಧೋಳ ಕಡೆಯಿಂದ ಒಂದು ಹೊಸ ನಾಯಿ ತಂದಿದ್ದ, ಉದ್ದ ಕಾಲಿನ, ಸಪೂರ ನಡುವಿನ ನಮ್ಮ ಮುಧೋಳ ನಾಯಿಯೇ. ಅದು ಹಗ್ಗ ಹರಿದುಕೊಂಡು ದೊಡ್ಡಿಯ ಹತ್ತಿರ ಹೋಗಿ ನಿಂತಿತು. ಪಾಪ, ಅದು ಬೊಗಳಲೂ ಇಲ್ಲ, ಸುಮ್ಮನೆ ನಿಂತಿತ್ತು. ಒಂದು ಕುರಿ ಅದನ್ನು ನೋಡಿ ಬೆದರಿ ಜಿಗಿಯಿತು. ಅದು ಜಿಗಿದದ್ದು ಕಂಡು ಪಕ್ಕದ್ದು ಜಿಗಿಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಹಿಂಡು ದೊಡ್ಡಿಯ ಕಿರಿದಾದ ಬಾಗಿಲಿಗೆ ನುಗ್ಗಿ, ಒಂದರ ಮೇಲೊಂದು ಒತ್ತಿ, ಬೆಣೆ ಬಡಿದ ಹಾಗೆ ಸಿಕ್ಕಿಕೊಂಡಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ನಾವು ಕಾಲು ಹಿಡಿದು ಒಂದೊಂದನ್ನೇ ಎಳೆದೆವು. ಅಣ್ಣ ಕಟ್ಟೆ ಮೇಲಿಂದಲೇ ಬೈಯುತ್ತಿದ್ದ: "ಹೊಸಾ ನಾಯಿನ ದೊಡ್ಡಿ ಹತ್ರ ಯಾವ ಶಾಣ್ಯಾ ಕಟ್ಟಿದ್ನಲೇ?"

ಸಾವಿತ್ರಿ ಬೆವರು ಒರೆಸಿಕೊಂಡು ಅಪ್ಪನ ಪಕ್ಕದಲ್ಲಿ ಹೋಗಿ ಕುಳಿತಳು. ಧ್ವನಿಯಲ್ಲಿ ಸಿಟ್ಟು ಇಳಿದಿತ್ತು.

"ಅಪ್ಪಾ, ಹೊಸಾ ನಾಯಿ ಹಿಂಡಿಗೆ ಎಂದ ಹೊಂದತೈತಿ?"

ಕುರಿಯ ಮಾತು ಬಂದರೆ ಅಣ್ಣ ಎಂಥ ಸಿಟ್ಟಿನಲ್ಲೂ ಉತ್ತರ ಕೊಡುವವನೇ. "ಅದರ ಮೈಗೆ ಹಟ್ಟಿ ವಾಸನಿ ಹತ್ತಬೇಕವಾ. ಹಿಂಡು ಅದನ್ನ ನಮ್ಮದು ಅನ್ನಬೇಕು. ತಿಂಗಳಗಟ್ಟಲೆ ಬೇಕು."

"ಅಲ್ಲೀತನಕಾ ಏನ ಮಾಡ್ತಿ?"

"ನಾಯಿಗೂ ಹಿಂಡಿಗೂ ನಡುವ ನಾ ಮಲಗತೇನಿ. ಕುರಿ ಬೆದರದಂಗ."

"ಒಂದ್ ದಿನ ಹಬ್ಬ ಐತಿ ಅಂತ ಒಳಗ ಮಲಗತೀ ಏನು?"

"ಯಾವ ಕುರಿಕಾರ ಮಲಗತಾನ?"

"ನಿನ್ನ ಎದಿಯಾಗಿನ ತಂತಿ ಹೊಸಾ ನಾಯಿ ಅಪ್ಪಾ" ಅಂದಳು. "ನಾಳದ ಗೋಡಿ ಸುಮ್ಮನಿರ್ರಿ ಅಂತ ಹೇಳತೈತಿ, ಪ್ಲೇಟ್‌ಲೆಟ್ ಕೇಳತಾವ. ತಂತಿಗೆ ಆ ಮಾತ ಬರೂದಿಲ್ಲ. ಅದನ್ನ ನೋಡಿ ಒಂದು ಬೆದರ್ತಂದ್ರ ಉಳಿದವನ್ನ ಕೂಗತೈತಿ, ಎಲ್ಲಾ ಬಂದು ಆ ಸಣ್ಣ ಬಾಗಲದಾಗ ಸಿಗತಾವ, ಈಗ ನೋಡಿದೆಲ್ಲ, ಹಂಗ. ಗೋಡಿ ಚರ್ಮ ಆ ತಂತಿ ಮ್ಯಾಲ ಬೆಳದು ಇದು ನಮ್ಮದು ಅನ್ನೂತನಕಾ ತಿಂಗಳಗಟ್ಟಲೆ ಬೇಕು. ಅಲ್ಲೀತನಕಾ ನಡುವ ಮಲಗಿದ್ದು ಈ ಎರಡ ಗುಳಿಗಿ. ನೀ ಅವನ್ನ ಎಬ್ಬಿಸಿ ಕಳಸಾಕತ್ತಿ."

ಅಣ್ಣ ದೊಡ್ಡಿಯ ಬಾಗಿಲು ನೋಡುತ್ತ ಕುಳಿತ. ಕೊನೆಯದಾಗಿ ಸಿಕ್ಕಿಕೊಂಡಿದ್ದ ಕುರಿ ಇನ್ನೂ ಏದುಸಿರು ಬಿಡುತ್ತಿತ್ತು. ಅಣ್ಣ ಮಗಳ ಕಡೆ ಹೊರಳಿ, "ಮತ್ತ ದೇವರ ಟಗರ?" ಅಂದ. ಈ ಸಲ ಅದು ಹಟದ ಮಾತಾಗಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ.

ಅದಕ್ಕೆ ಉತ್ತರ ಹೇಳುವವರು ನಮ್ಮಲ್ಲಿ ಒಬ್ಬರೇ, ಗುಡಿಯ ಪೂಜಾರಿ ಬೀರಪ್ಪ ಮುತ್ಯಾ. ಅಣ್ಣನನ್ನು ಕರೆದುಕೊಂಡು ಹೋದೆ. ಮುತ್ಯಾ ಗುಡಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಎಲ್ಲ ಕೇಳಿದ. ಎಂಜೈಮಿನ ಸುದ್ದಿಯನ್ನೂ ನಾನು ನನಗೆ ತಿಳಿದಷ್ಟು ಹೇಳಿದೆ. ಅವನು ಅದನ್ನು ಬಿಟ್ಟು ಬೇರೆಯೇ ಕೇಳಿದ.

"ನಿಮ್ಮಪ್ಪಗ ಎಷ್ಟ ಮಂದಿ ಗಂಡಮಕ್ಕಳು?"

"ಇಬ್ರ್ರಿ ಮುತ್ಯಾ. ನಾ, ಇಂವ" ಅಂದ ಅಣ್ಣ.

"ಇಂವ ಏನ ಮಾಡ್ತಾನ?"

"ಬನಹಟ್ಟ್ಯಾಗ ಸೀರಿ ನೇಯತಾನ್ರಿ."

"ಎರಡೂ ಕೈ ಅದಾವಿಲ್ಲೋ?"

"ಅದಾವ್ರಿ. ಆದ್ರ ಇವನ ಕೈಯಾಗ ಕತ್ತರಿ ನೋಡಿದ್ರ ಟಗರ ನಗತೈತ್ರಿ."

"ನಗಲೇಳು. ಉಣ್ಣಿ ಮ್ಯಾಲ ರಕ್ತ ಬೀಳಬಾರದಂತ ಕಟ್ಟು ಐತಿ. ಟಗರ ನಗಬಾರದಂತ ಕಟ್ಟಿಲ್ಲ. ಹಿರಿಯಾಗ ಆಗದಿದ್ರ ಕಿರಿಯಾ ಹಿಡೀಲಿ. ಆದ್ರ ಹಿರಿಯಾ ತನ್ನ ಕೈಲೆ ಕತ್ತರಿ ಕೊಡಬೇಕು. ಅದಂತೂ ನಾ ಹೇಳಿ ಕೊಡಸೂದಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಅಣ್ಣ ನನ್ನ ಮುಂದೆ ಮುಂದೆಯೇ ನಡೆದ. ಅವನ ಸಂಕಟ ನನಗೆ ತಿಳಿಯುತ್ತಿತ್ತು. ಅಪ್ಪ ಹೋದ ದಿನ ಅವನ ಕೈಗೆ ಬಂದದ್ದು ಮೂರು: ಹಿಂಡು, ಕೋಲು, ಆ ಕತ್ತರಿ. ಹಿಂಡು ಭಾವಮೈದುನ ಕಾಯುತ್ತಿದ್ದ, ಕೋಲು ಮೂಲೆಯಲ್ಲಿ ನಿಂತಿತ್ತು. ಕತ್ತರಿಯನ್ನೂ ಕೊಟ್ಟರೆ ಹಿರಿಯ ಅನ್ನಲು ಉಳಿಯುವುದು ಬಿಳಿ ಮೀಸೆಯೊಂದೇ. ನನ್ನ ಕಸುಬಿನ ಮಾನ ನನಗೆ ಎಷ್ಟೋ ಅವನ ಕಸುಬಿನ ಮಾನ ಅವನಿಗೂ ಅಷ್ಟೇ.

ಬಂದು ಹೊರಗಿನ ಕಟ್ಟೆಯ ಮೇಲೆ ಕೂತ. ಸಾವಿತ್ರಿ ಗುಳಿಗೆ ಎರಡೂ, ಒಂದು ತಂಬಿಗೆ ನೀರೂ ತಂದು ಪಕ್ಕದಲ್ಲಿಟ್ಟು ಒಳಗೆ ಹೋದಳು. ಬಾಗಿಲ ಹಿಂದೆಯೇ ನಿಂತಿದ್ದಾಳೆ ಅಂತ ಬಳೆ ಸದ್ದು ಹೇಳುತ್ತಿತ್ತು. ಅಣ್ಣ ಗುಳಿಗೆಯನ್ನು ಅಂಗೈಯಲ್ಲಿ ಹಾಕಿಕೊಂಡು, ಕಾಳು ಪರೀಕ್ಷೆ ಮಾಡುವವರ ಹಾಗೆ ಹೊರಳಿಸಿ ನೋಡಿದ. ಹೊತ್ತು ಇಳಿಯುತ್ತಿತ್ತು.

"ಸಿದ್ಯಾ, ಕತ್ತರಿ ಹಿಡಿಯಾಕ ಬರ್ತೈತೇನ್ಲೇ ನಿನಗ?"

"ಬರೂದಿಲ್ಲ."

"ಕಲೀತಿ?"

"ನೀ ಕಲಿಸಿದ್ರ ಕಲೀತೇನಿ."

"ಬೈಗಳ ಬೀಳತಾವ."

"ಎಂದ ಬಿದ್ದಿಲ್ಲ?"

ಅಣ್ಣ ಎರಡೂ ಗುಳಿಗೆ ಬಾಯಿಗೆ ಎಸೆದುಕೊಂಡು ತಂಬಿಗೆ ಎತ್ತಿದ. ಬಾಗಿಲ ಹಿಂದಿನ ಬಳೆ ಗಲ್ಲೆಂದಿತು.

ಉಣ್ಣೆಯ ದಿನದವರೆಗೆ ನಾನು ಮಗ್ಗ ನಿಲ್ಲಿಸಿ ಊರಲ್ಲೇ ಉಳಿದೆ. ಕಲಿಯಬೇಕೆಂದರೆ ಬೇರೆ ಕುರಿಯ ಮೇಲೆ ಕೈ ಪಳಗಿಸುವ ಹಾಗಿಲ್ಲ, ದೇವರ ಟಗರಿನ ಉಣ್ಣೆಯೇ ಮೊದಲಾಗಬೇಕು. ಅಣ್ಣ ಜೋಳದ ಚೀಲಕ್ಕೆ ಹಳೆಯ ಕಂಬಳಿ ಸುತ್ತಿ, ನಾಲ್ಕು ಕಟ್ಟಿಗೆ ಚುಚ್ಚಿ ಕಾಲು ಮಾಡಿ, "ಇದು ನಿನ್ನ ಟಗರು" ಅಂದ. ತಾನು ಹಗ್ಗದ ಹೊರಸಿನ ಮೇಲೆ ಕುಳಿತು, "ತೋಳ ಯಾಕ ಬೀಸತಿ, ಮಣಿಕಟ್ಟಿಲೆ ಆಡ್ಸು. ಚರ್ಮದ ಮ್ಯಾಲ ಕತ್ತರಿ ಮಲಗಿಸು. ಮಲಗಿಸಂದೆ, ಕೆಡವಂದಿಲ್ಲ" ಅಂತ ಊರು ಕೇಳುವಂತೆ ಕಲಿಸಿದ. ಓಣಿಯ ಹೆಂಗಸರು ನೀರಿಗೆ ಹೋಗುವವರು ನಿಂತು ನೋಡಿದರು. "ಸಿದ್ದಪ್ಪಣ್ಣ ಜ್ವಾಳದ ಚೀಲಕ್ಕ ಕ್ಷೌರಾ ಮಾಡಾಕತ್ತಾನ್ರೆವಾ" ಅಂತ ಒಬ್ಬಾಕೆ ಕೂಗಿದಳು. ಚೀಲ ಎರಡು ಕಡೆ ಹರಿದು ಜೋಳ ಸುರಿಯಿತು. "ಟಗರ ಸತ್ತಂಗ" ಅಂದ ಅಣ್ಣ. ಅವನು ಅಷ್ಟು ನಕ್ಕದ್ದನ್ನು ಬೇಸಿಗೆಯಿಂದ ಯಾರೂ ಕಂಡಿರಲಿಲ್ಲ. ವೈನಿ ನನಗೆ ಹೆಚ್ಚಿಗೆ ಬೆಣ್ಣೆ ಹಾಕಿ ಊಟಕ್ಕೆ ಕೊಟ್ಟಳು. ಗುಳಿಗೆಯ ಹೊತ್ತಾದರೆ ಈಗ ಯಾರೂ ನೆನಪಿಸುವುದು ಬೇಕಾಗಿರಲಿಲ್ಲ. "ಕುರಿಕಾರಗ ಕಾವಲಿ ಹೊತ್ತಾತು" ಅಂತ ಅವನೇ ಎದ್ದು ನುಂಗಿ ಬರುತ್ತಿದ್ದ.

ಆ ದಿನ ಬಂತು. ಹಿಂದಿನ ದಿನವೇ ಟಗರನ್ನು ಹೊಳೆಯಲ್ಲಿ ತಿಕ್ಕಿ ತೊಳೆದು ಒಣಗಿಸಿದ್ದೆವು, ಹತ್ತಿಯ ಗುಡ್ಡೆಯ ಹಾಗೆ ಹೊಳೆಯುತ್ತಿತ್ತು. ಗುಡಿಯ ಮುಂದೆ ಕಂಬಳಿ ಹಾಸಿದರು. ಅಣ್ಣ ಟಗರಿನ ಹಣೆಗೆ ಭಂಡಾರ ಹಚ್ಚಿ, ಆಮೇಲೆ ನನ್ನ ಹಣೆಗೆ ಹಚ್ಚಿದ. ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತ. "ಹಿಡಿ" ಅಂದು ಕೊಟ್ಟ. ತಾನು ಕೆಳಗೆ ಕೂತು ಟಗರಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಕಿವಿಯಲ್ಲಿ ಏನೇನೋ ಮಾತಾಡತೊಡಗಿದ.

ಕೊರಳಿನಿಂದ ಶುರು ಮಾಡಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅಣ್ಣ ಟಗರಿಗೆ ಹೇಳುವ ಧ್ವನಿಯಲ್ಲೇ ನನಗೂ ಹೇಳುತ್ತಿದ್ದ: "ಹಗೂರಕ. ಅವಸರ ಇಲ್ಲ. ಇಲ್ಲಿ ಮಡಿಕಿ ಐತಿ, ಎಡಗೈಲೆ ಚರ್ಮ ಎಳದ ಹಿಡಿ. ಹಾಂ." ಬೆನ್ನು ಮುಗಿಯಿತು, ಒಂದು ಮಗ್ಗುಲು ಮುಗಿಯಿತು. ಎರಡನೇ ಮಗ್ಗುಲಿನ ಹೊಟ್ಟೆಯ ಹತ್ತಿರ ಟಗರು ಒಮ್ಮೆ ಕೊಸರಿಕೊಂಡಿತು. ಕತ್ತರಿಯ ತುದಿ ನನ್ನ ತೋರುಬೆರಳಿಗೆ ತಾಗಿತು.

ಕೆಂಪು ಚುಕ್ಕೆ ಮೂಡಿದ್ದು ನಾನು ನೋಡಿದೆ, ಅಣ್ಣನೂ ನೋಡಿದ. ಕೆಳಗೆ ಬಿಳಿ ಉಣ್ಣೆ. ಕೈಯನ್ನು ಪಕ್ಕಕ್ಕೆ ಎಳೆದು ಬೆರಳು ಬಾಯಲ್ಲಿಟ್ಟೆ. ಸಾವಿತ್ರಿ ಹತ್ತಿರ ಬಂದು ಬೆರಳು ಹೊರಗೆ ತೆಗೆಸಿ, ಅರಿವೆಯಿಂದ ಒತ್ತಿ ಹಿಡಿದು, ಸ್ವಲ್ಪ ಹೊತ್ತಿಗೆ ಬಿಟ್ಟು ನೋಡಿದಳು. ನಿಂತಿತ್ತು.

"ಕೂಗಿದಕೂಡ್ಲೆ ಓಡಿ ಬಂದ್ವು ಕಾಕಾನ ಪ್ಲೇಟ್‌ಲೆಟ್" ಅಂದಳು.

"ಬರಲಾರದ ಏನ" ಅಂದ ಅಣ್ಣ. "ಒಂದ ಅಪ್ಪನ ರಕ್ತ." ಅವನ ಕಣ್ಣಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ನಾನು ಕಂಡೆ.

ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಉಳಿದದ್ದನ್ನು ಕತ್ತರಿಸಿದೆ. ಮಗ್ಗದ ಮೇಲೆ ಒಂದು ಸೀರೆ ಇಳಿಸುವಷ್ಟು ಹೊತ್ತು ಹಿಡಿಯಿತೇನೋ. ಅಣ್ಣನಾಗಿದ್ದರೆ ಒಂದು ಎಲೆ ಅಡಿಕೆ ಮುಗಿಯುವುದರೊಳಗೆ ಮುಗಿಸುತ್ತಿದ್ದ. ಬೀರಪ್ಪ ಮುತ್ಯಾ ಉಣ್ಣೆಯನ್ನು ಬಿಸಿಲಿಗೆ ಎತ್ತಿ ಹಿಡಿದು, ತಿರುವಿ, ಮೂಸಿ ನೋಡಿದ. ಎಲ್ಲೂ ಒಂದು ಕಲೆ ಇರಲಿಲ್ಲ. ಗುಡಿಯೊಳಗೆ ಒಯ್ದಿಟ್ಟ. ವೈನಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಆಮೇಲೆ ಟಗರನ್ನು ಬಿಚ್ಚಿಬಿಟ್ಟರು. ಅದು ಎದ್ದು ನಿಂತಿತು. ಒಂದು ಕಡೆ ಬೋಳು, ಒಂದು ಕಡೆ ಕುಚ್ಚು, ನಡುವೆ ಕಾಲುದಾರಿ, ಬಾಲದ ಹತ್ತಿರ ಒಂದು ಗಡ್ಡ. ಮಂದಿ ಬಿದ್ದು ಬಿದ್ದು ನಕ್ಕರು. ಸೀರೆಯಲ್ಲಿ ಒಂದು ಎಳೆ ತಪ್ಪಿಸದ ನಾನು ತಲೆ ಎತ್ತಲಾರದೆ ಕತ್ತರಿ ಒರೆಸುತ್ತ ನಿಂತೆ.

ಮುತ್ಯಾನೇ ಕೇಳಿದ: "ಮಾಳಪ್ಪಾ, ನಿಮ್ಮ ಮನಿತನದ ಟಗರ ಇಂಥಾದ್ದು ನಾ ಎಂದೂ ನೋಡಿದ್ದಿಲ್ಲ ಬಿಡಪಾ. ಇಲಿ ತಿಂದಾವೇನು?"

ಅಣ್ಣ ತೊಡೆಯ ಮೇಲಿನ ಉಣ್ಣೆಯ ಎಳೆ ಜಾಡಿಸಿಕೊಂಡು ಎದ್ದ. ಟಗರಿನ ಹತ್ತಿರ ಹೋಗಿ ಅದರ ಹರಕು ಬೆನ್ನಿನ ಮೇಲೆ ಕೈಯಾಡಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ನನ್ನ ತಮ್ಮ ಕತ್ತರಿಸ್ಯಾನ ಮುತ್ಯಾ. ಉಣ್ಣಿ ಮತ್ತ ಬರ್ತೈತಿ. ನಾನೂ ಇರ್ತೇನಿ. ಮುಂದಿನ ವರ್ಷ ಬಂದ ನೋಡ."